ಮಾಲು ತಲುಪಿದೆ ಎಂದು ಸರ್ಕಾರಕ್ಕೆ ಹೇಳಿದವರು ನಮಗೇಕೆ ಹಣ ಕೊಡುವುದಿಲ್ಲ?

ರಾಜ್ಯದ ಸಣ್ಣ ಕೈಗಾರಿಕಾ ಸಚಿವರಿಗೆ ಮತ್ತು ಹಾಸನ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಹಾಸನದ ಕೈಗಾರಿಕಾ ಪ್ರದೇಶದ ಒಂದು ಶೆಡ್ಡಿನಲ್ಲಿ ನಾವು ಶೀಟ್ ಮೆಟಲ್ ಬಿಡಿಭಾಗಗಳನ್ನು ತಯಾರಿಸುತ್ತೇವೆ. ದೊಡ್ಡ ಕಂಪನಿಗಳ ಯಂತ್ರಗಳಿಗೆ ಬೇಕಾಗುವ ಪೆಟ್ಟಿಗೆ, ಬ್ರಾಕೆಟ್, ಮುಚ್ಚಳಗಳು ನಮ್ಮ ಮುಖ್ಯ ಕೆಲಸ. ಕಾಫಿ ಕೊಯ್ಲಿಗೆ ಮುಂಚೆ ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಿಂದ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ರಿಪೇರಿಯೂ ನಮ್ಮಲ್ಲಿಗೆ ಬರುತ್ತದೆ. ಈ ಪತ್ರ ಬರೆಯುತ್ತಿರುವುದು ಒಂದೇ ಬೇಡಿಕೆಗಾಗಿ. ಸಣ್ಣ ತಯಾರಕರು ಪೂರೈಸಿದ ಮಾಲಿನ ಹಣ ಕಾನೂನು ಗೊತ್ತುಪಡಿಸಿದ ದಿನದೊಳಗೆ ಬರುವಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರವೇ ಹೊರಬೇಕು. ಈಗ ಆ ಹೊಣೆ ಪೂರ್ತಿಯಾಗಿ ನಮ್ಮ ಮೇಲಿದೆ. ಅದು ನಮ್ಮಿಂದ ಆಗುವ ಕೆಲಸವಲ್ಲ.

ಕಾನೂನಿಗೇನೂ ಕೊರತೆಯಿಲ್ಲ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯ 15ನೇ ಸೆಕ್ಷನ್ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಘಟಕದಿಂದ ಮಾಲು ಪಡೆದವರು ಲಿಖಿತ ಒಪ್ಪಂದ ಏನೇ ಇರಲಿ, 45 ದಿನ ಮೀರದಂತೆ ಹಣ ಕೊಡಬೇಕು. ಒಪ್ಪಂದವೇ ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ ಕೊಡಬೇಕೆಂದು 16ನೇ ಸೆಕ್ಷನ್ ಹೇಳುತ್ತದೆ. ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ. 6 ಎಂದಿಟ್ಟುಕೊಂಡರೆ ವರ್ಷಕ್ಕೆ ಶೇ. 18 ಆಯಿತು. ಓದುವಾಗ ಇಷ್ಟು ಗಟ್ಟಿಯಾದ ಕಾನೂನು ಸಣ್ಣ ಉದ್ಯಮದ ಪಾಲಿಗೆ ಇನ್ನೊಂದಿಲ್ಲ ಅನ್ನಿಸುತ್ತದೆ. ಆದರೆ ಈ ಬಡ್ಡಿಯನ್ನು ಕೇಳಿ ಪಡೆದು, ಆಮೇಲೂ ಅದೇ ಕಂಪನಿಯ ಆರ್ಡರ್ ಉಳಿಸಿಕೊಂಡ ತಯಾರಕರನ್ನು ನಾನು ಈ ಊರಿನಲ್ಲಿ ಕಂಡಿಲ್ಲ.

ನಮ್ಮ ತಿಂಗಳು ಹೇಗೆ ಸಾಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ. ಏಳನೇ ತಾರೀಖಿನೊಳಗೆ ಟಿಡಿಎಸ್, ಅಂದರೆ ನಾವು ಬೇರೆಯವರಿಗೆ ಕೊಡುವಾಗ ಹಿಡಿದ ಆದಾಯ ತೆರಿಗೆ, ಕಟ್ಟಬೇಕು. ಹದಿನೈದರೊಳಗೆ ಭವಿಷ್ಯನಿಧಿ ಮತ್ತು ಕಾರ್ಮಿಕರ ವಿಮೆಯಾದ ಇಎಸ್‌ಐ. ತಿಂಗಳ ರಿಟರ್ನ್ ಸಲ್ಲಿಸುವವರಿಗೆ ಇಪ್ಪತ್ತರೊಳಗೆ ಜಿಎಸ್‌ಟಿ. ಇವುಗಳ ನಡುವೆ ವಿದ್ಯುತ್ ಬಿಲ್ಲು, ಅದರಲ್ಲೂ ಯಂತ್ರ ಓಡಲಿ ಬಿಡಲಿ ಕಟ್ಟಲೇಬೇಕಾದ ನಿಗದಿತ ಶುಲ್ಕ. ಬ್ಯಾಂಕಿನ ಕಂತು ಒಂದು ದಿನ ತಪ್ಪಿದರೂ ಖಾತೆಗೆ ಎಸ್‌ಎಂಎ ಗುರುತು (ಕಂತು ತಪ್ಪಿದ ಖಾತೆ ಎಂಬ ಎಚ್ಚರಿಕೆ) ಬೀಳುತ್ತದೆ, ತೊಂಬತ್ತು ದಿನ ದಾಟಿದರೆ ಅದು ವಸೂಲಾಗದ ಸಾಲ, ಅಂದರೆ ಎನ್‌ಪಿಎ. ಆಮೇಲೆ 2002ರ ಸರ್ಫೇಸಿ ಕಾಯಿದೆಯಡಿ ಬ್ಯಾಂಕು ಅಡಮಾನದ ಆಸ್ತಿಯನ್ನು ವಶಕ್ಕೆ ಪಡೆಯಬಹುದು. ನಮ್ಮಂಥವರ ಅಡಮಾನವೆಂದರೆ ಬಹುತೇಕ ವಾಸದ ಮನೆಯೇ. ಇಷ್ಟೂ ಗಡುವುಗಳಿಗೆ ಕಾವಲು ಉಂಟು, ದಂಡ ಉಂಟು, ತಾನಾಗಿಯೇ ಬರುವ ನೋಟಿಸ್ ಉಂಟು. ನಮಗೆ ಬರಬೇಕಾದ ಹಣದ 45 ದಿನದ ಗಡುವಿಗೆ ಮಾತ್ರ ಯಾರೂ ಕಾವಲಿಲ್ಲ.

ಒಂದು ಲೆಕ್ಕವನ್ನು ಮುಂದಿಡುತ್ತೇನೆ. ಹತ್ತು ಲಕ್ಷ ರೂಪಾಯಿಯ ಮಾಲು ಕಳುಹಿಸಿದೆವು ಎಂದುಕೊಳ್ಳಿ. ಶೇ. 18ರ ಜಿಎಸ್‌ಟಿ ಸೇರಿ ಬಿಲ್ಲು 11,80,000 ರೂಪಾಯಿ. ಅದಕ್ಕೆ ಬಳಸಿದ ಆರು ಲಕ್ಷದ ಉಕ್ಕಿನ ಮೇಲೆ ನಾವು ಮೊದಲೇ ಕೊಟ್ಟ ತೆರಿಗೆ 1,08,000 ರೂಪಾಯಿ. ಅದನ್ನು ಕಳೆದು ಉಳಿದ 72,000 ರೂಪಾಯಿಯನ್ನು ಮರುತಿಂಗಳ ಇಪ್ಪತ್ತರೊಳಗೆ ನಗದಾಗಿ ಕಟ್ಟಬೇಕು. ಬಿಲ್ಲಿನ ಹಣ ಬಂದಿದೆಯೋ ಇಲ್ಲವೋ ಎಂದು ಯಾರೂ ಕೇಳುವುದಿಲ್ಲ, ತಡವಾದರೆ ಶೇ. 18ರ ಬಡ್ಡಿ. ಈ ಬಿಲ್ಲಿನ ಹಣ 45ರ ಬದಲು 120ನೇ ದಿನಕ್ಕೆ ಬಂತು ಎನ್ನೋಣ. ಹೆಚ್ಚುವರಿ 75 ದಿನ ಅಷ್ಟು ಹಣವನ್ನು ಶೇ. 11ರ ಬಡ್ಡಿಗೆ ಸಿ.ಸಿ. ಖಾತೆಯಿಂದ (ದುಡಿಮೆ ಬಂಡವಾಳಕ್ಕೆ ಬ್ಯಾಂಕು ಕೊಡುವ ಸಾಲದ ಖಾತೆ) ಎಳೆದರೆ ಸುಮಾರು 26,700 ರೂಪಾಯಿ ಬಡ್ಡಿಯಾಗುತ್ತದೆ. ನಮ್ಮ ಕೆಲಸದಲ್ಲಿ ಶೇ. 8 ಲಾಭ ಉಳಿದರೆ ಒಳ್ಳೆಯ ಆರ್ಡರ್ ಎನ್ನುತ್ತೇವೆ. ಅಂದರೆ ಎಂಬತ್ತು ಸಾವಿರದ ಲಾಭದಲ್ಲಿ ಮೂರನೇ ಒಂದು ಪಾಲು ಕಾಯುವುದಕ್ಕೇ ಹೋಯಿತು.

ನಾನು ನಿಮ್ಮ ಗಮನವನ್ನು ಮುಖ್ಯವಾಗಿ ಸೆಳೆಯಬೇಕಾದ ಅಂಶ ಇನ್ನು ಮುಂದಿದೆ.

ನಾವು ಹನ್ನೊಂದನೇ ತಾರೀಖಿನೊಳಗೆ ಸಲ್ಲಿಸಿದ ಬಿಲ್ಲಿನ ವಿವರ ಹದಿನಾಲ್ಕಕ್ಕೆ ಖರೀದಿದಾರರ ಜಿಎಸ್‌ಟಿ ಖಾತೆಯಲ್ಲಿ ಕಾಣಿಸುತ್ತದೆ. ನಾವು ಕಟ್ಟಿದ ತೆರಿಗೆಯನ್ನು ಅವರು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ. ಮೇಲಿನ ಲೆಕ್ಕದಲ್ಲಿ 1,80,000 ರೂಪಾಯಿಯ ಪೂರ್ತಿ ಜಮೆ ಅವರಿಗೆ ಅದೇ ತಿಂಗಳು ಸಿಗುತ್ತದೆ. ಈ ಜಮೆ ಪಡೆಯಬೇಕಾದರೆ ಜಿಎಸ್‌ಟಿ ಕಾಯಿದೆಯ 16ನೇ ಸೆಕ್ಷನ್ ಪ್ರಕಾರ ಮಾಲು ಅವರ ಕೈಸೇರಿರಬೇಕು. ಹಾಗಾಗಿ ಜಮೆ ಪಡೆದ ಖರೀದಿದಾರರು ಮಾಲು ತಲುಪಿದೆ ಎಂದು ಸರ್ಕಾರಕ್ಕೆ ಹೇಳಿದಂತೆಯೇ ಆಯಿತು. 2024ರ ಅಕ್ಟೋಬರಿನಿಂದ ಬಂದಿರುವ ಬಿಲ್ ನಿರ್ವಹಣಾ ವ್ಯವಸ್ಥೆಯಲ್ಲಿ ಪ್ರತಿ ಬಿಲ್ಲನ್ನೂ ಒಪ್ಪಿಕೊಳ್ಳಲು, ತಿರಸ್ಕರಿಸಲು, ಬಾಕಿ ಇಡಲು ಅವರಿಗೆ ಅವಕಾಶವೂ ಇದೆ. ಐವತ್ತು ಸಾವಿರ ರೂಪಾಯಿ ದಾಟಿದ ಮಾಲು ಲಾರಿ ಏರಿದರೆ ಅದರ ಇ-ವೇ ಬಿಲ್ಲು, ಲಾರಿಯ ನಂಬರು, ಹೊರಟ ಸಮಯ ಎಲ್ಲವೂ ದಾಖಲಾಗಿರುತ್ತವೆ.

ಇಷ್ಟಾದ ಮೇಲೂ ನಾವು ಫೋನ್ ಮಾಡಿದರೆ ಅದೇ ಖರೀದಿದಾರರ ಲೆಕ್ಕಪತ್ರ ವಿಭಾಗ, "ಮಾಲಿನ ತಪಾಸಣೆ ಇನ್ನೂ ಮುಗಿದಿಲ್ಲ, ಜಿಆರ್‌ಎನ್ ಆಗಿಲ್ಲ" ಎನ್ನುತ್ತದೆ. ಜಿಆರ್‌ಎನ್ ಎಂದರೆ ಮಾಲು ಸ್ವೀಕರಿಸಿದ್ದಕ್ಕೆ ಅವರು ಬರೆದುಕೊಳ್ಳುವ ಚೀಟಿ. ಸರ್ಕಾರದ ಮುಂದೆ ಮಾಲು ಬಂದಿದೆ, ನಮ್ಮ ಮುಂದೆ ಬಂದಿಲ್ಲ. ಒಂದೇ ಬಿಲ್ಲಿಗೆ ಎರಡು ಸತ್ಯ ಇರಲು ಸಾಧ್ಯವಿಲ್ಲ. ಸಣ್ಣ ಉದ್ಯಮಗಳ ಕಾಯಿದೆ ಈ ಗೊಂದಲಕ್ಕೆ ಎಡೆಯನ್ನೇ ಕೊಟ್ಟಿಲ್ಲ. ಮಾಲು ತಲುಪಿದ ಹದಿನೈದು ದಿನದೊಳಗೆ ಲಿಖಿತ ಆಕ್ಷೇಪಣೆ ಬರದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಆದರೂ ನಮ್ಮ ಪರ್ಚೇಸ್ ಆರ್ಡರುಗಳ ಹಿಂಬದಿಯಲ್ಲಿ, ಕಣ್ಣು ಕಿರಿದು ಮಾಡಿ ಓದಬೇಕಾದ ಅಕ್ಷರದಲ್ಲಿ, ಜಿಆರ್‌ಎನ್ ಆದ ದಿನದಿಂದ 90 ದಿನ ಎಂದು ಅಚ್ಚಾಗಿರುತ್ತದೆ. ಅದಕ್ಕೆ ನಾವು ಸಹಿ ಹಾಕುತ್ತೇವೆ. ಹಾಕದಿದ್ದರೆ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ, ಅವರೂ ಸಹಿ ಹಾಕುತ್ತಾರೆ.

ಚಿಕ್ಕಮಗಳೂರಿನ ನನ್ನ ಸ್ನೇಹಿತರೊಬ್ಬರಿಗೆ ಮಾಲು ಕಳುಹಿಸಿ ನಾಲ್ಕು ತಿಂಗಳಾದ ಮೇಲೆ ಹಣದ ಬದಲು ಡೆಬಿಟ್ ನೋಟ್, ಅಂದರೆ ಬಿಲ್ಲಿನ ಹಣದಲ್ಲಿ ಕಡಿತ ಮಾಡಿದ್ದೇವೆ ಎಂಬ ಚೀಟಿ ಬಂತು. ಮಾಲಿನಲ್ಲಿ ಒಂದು ಭಾಗ ಅಳತೆಗೆ ಸರಿಯಿಲ್ಲ ಎಂಬ ಒಂದು ಸಾಲಿನ ಕಾರಣ. ಹಾಗಾದರೆ ಆ ಭಾಗಗಳನ್ನು ಹಿಂದಕ್ಕೆ ಕಳುಹಿಸಿ ಎಂದು ಅವರು ಕೇಳಿದರು. ಭಾಗಗಳು ಯಂತ್ರಕ್ಕೆ ಜೋಡಣೆಯಾಗಿ ಮಾರಾಟವೂ ಆಗಿದ್ದವು. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರವೂ, ಯೋಗ್ಯ ಕಾಲಾವಧಿ ಮೀರಿ ಮಾತಿಲ್ಲದೆ ಇಟ್ಟುಕೊಂಡ ಸರಕನ್ನು ಖರೀದಿದಾರ ಒಪ್ಪಿಕೊಂಡಂತೆಯೇ. ಸ್ನೇಹಿತರು ವಕೀಲರ ಬಳಿ ಹೋಗಲಿಲ್ಲ, ಮುಂದಿನ ಆರ್ಡರಿಗಾಗಿ ಕಡಿತವನ್ನು ನುಂಗಿಕೊಂಡರು.

ತಡವಾಗಿ ಹಣ ಕೊಡುವವರೆಲ್ಲ ಕೆಟ್ಟವರು ಎಂದು ನಾನು ಹೇಳುತ್ತಿಲ್ಲ. ಮಲೆನಾಡಿನ ಬೆಳೆಗಾರರ ಜೊತೆ ನಮ್ಮ ವ್ಯವಹಾರ ಬೇರೆಯೇ ರೀತಿಯದು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಪಲ್ಪರ್ ತಂದು ಇಳಿಸುವಾಗಲೇ, "ಅರೇಬಿಕಾ ಮಾರಿದ ಮೇಲೆ ಕೊಡುತ್ತೇನೆ" ಎಂದು ಹೇಳಿಬಿಡುತ್ತಾರೆ. ಬೆಲೆ ಕುಸಿದ ವರ್ಷವೂ, ಮಳೆ ಹೆಚ್ಚಾಗಿ ಕಾಯಿ ಉದುರಿದ ವರ್ಷವೂ ಬಂದು, ಇಷ್ಟು ಈಗ, ಉಳಿದದ್ದು ರೋಬಸ್ಟಾ ಆದ ಮೇಲೆ ಎಂದು ಎದುರಿಗೆ ಕುಳಿತು ಹೇಳುತ್ತಾರೆ. ಅವರಿಗೂ ಹಣ ವರ್ಷಕ್ಕೊಮ್ಮೆ ಬರುವುದು, ನಾವು ಅದನ್ನು ತಿಳಿದೇ ಕೆಲಸ ಹಿಡಿಯುತ್ತೇವೆ. ಇಲ್ಲಿ ಅವಧಿ ಮೊದಲೇ ಗೊತ್ತಿರುತ್ತದೆ, ಕಾರಣವೂ ಗೊತ್ತಿರುತ್ತದೆ. ತಿಂಗಳು ತಿಂಗಳೂ ಮಾರಾಟದ ಹಣ ಬರುವ, ನಮಗಿಂತ ಕಡಿಮೆ ಬಡ್ಡಿಗೆ ಬ್ಯಾಂಕ್ ಸಾಲ ಸಿಗುವ ದೊಡ್ಡ ಕಂಪನಿಗೆ ನಮ್ಮ ಹಣದಲ್ಲಿ ವ್ಯಾಪಾರ ನಡೆಸಬೇಕಾದ ಅಗತ್ಯ ಯಾವುದೂ ಇಲ್ಲ. ತೋಟದವರು ಬಾಯಿಮಾತಿನಲ್ಲಿ ಉಳಿಸಿಕೊಳ್ಳುವ ನಂಬಿಕೆಯನ್ನು ಮುದ್ರೆ ಒತ್ತಿದ ಕಾಗದದಲ್ಲಿ ನಮಗೆ ಪಡೆಯಲಾಗುತ್ತಿಲ್ಲವಲ್ಲ ಎಂಬುದೇ ನನ್ನ ನೋವು.

ದೂರು ಕೊಡಿ ಎಂದು ನೀವು ಹೇಳಬಹುದು. ಕೊಡಲು ಜಾಗವಿದೆ. ತಡವಾದ ಹಣದ ದೂರಿಗೆಂದೇ 2017ರಿಂದ ಕೇಂದ್ರ ಸರ್ಕಾರದ ಸಮಾಧಾನ್ ಪೋರ್ಟಲ್ ಇದೆ. ಸಣ್ಣ ಉದ್ಯಮಗಳ ಕಾಯಿದೆಯ 18ನೇ ಸೆಕ್ಷನ್ ಪ್ರಕಾರ ಇಂಥ ವ್ಯಾಜ್ಯಗಳನ್ನು ತೀರ್ಮಾನಿಸುವ ಫೆಸಿಲಿಟೇಷನ್ ಕೌನ್ಸಿಲ್ ಇದೆ. ಖರೀದಿದಾರ ಭಾರತದ ಯಾವ ಮೂಲೆಯಲ್ಲಿದ್ದರೂ ಪೂರೈಕೆದಾರ ಇರುವ ಕಡೆಯ ಕೌನ್ಸಿಲ್‌ಗೇ ಪ್ರಕರಣ ಬರುತ್ತದೆ, 90 ದಿನದೊಳಗೆ ತೀರ್ಮಾನವಾಗಬೇಕು. ಒಪ್ಪಂದದಲ್ಲಿ ಬೇರೆ ಮಧ್ಯಸ್ಥಿಕೆಯ (ಆರ್ಬಿಟ್ರೇಷನ್) ಷರತ್ತಿದ್ದರೂ ಈ ಕಾಯಿದೆಯೇ ಮೇಲು ಎಂದು 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತೀರ್ಪನ್ನು ಪ್ರಶ್ನಿಸುವ ಖರೀದಿದಾರ ಮೊದಲು ಶೇ. 75ರಷ್ಟು ಹಣ ಠೇವಣಿ ಇಡಬೇಕು. ಇದನ್ನು ಮಾಡಿದವರ ದೂರದೃಷ್ಟಿಯನ್ನು ನಾನು ಗೌರವಿಸುತ್ತೇನೆ. ಆದರೆ ಕೌನ್ಸಿಲ್‌ನಲ್ಲಿ ಕೂರುವ ಅಧಿಕಾರಿಗಳಿಗೆ ಇದಲ್ಲದೆ ಬೇರೆ ಹತ್ತು ಜವಾಬ್ದಾರಿಗಳಿರುತ್ತವೆ. ತೀರ್ಪು ಕೈಗೆ ಬಂದ ಮೇಲೆ ಅದರ ಜಾರಿಗೆ ಮತ್ತೆ ಕೋರ್ಟಿಗೆ ಅರ್ಜಿ ಹಾಕಬೇಕು. ಎಲ್ಲಕ್ಕಿಂತ ದೊಡ್ಡ ತೊಡಕೆಂದರೆ ದೂರು ಕೊಡಬೇಕಾದವರು ನಾವೇ. ವಹಿವಾಟಿನ ಅರ್ಧಕ್ಕೂ ಹೆಚ್ಚು ಒಂದೇ ಕಂಪನಿಯಿಂದ ಬರುವ ಘಟಕದ ಮಾಲೀಕ ಆ ಕಂಪನಿಯ ಮೇಲೆ ದೂರು ಬರೆದ ದಿನ ತನ್ನ ಕೆಲಸಗಾರರಿಗೆ ರಜೆ ಹೇಳಲು ಸಿದ್ಧನಾಗಿರಬೇಕು. ಹಾಗಾಗಿ ಈ ದೂರುಗಳು ಸಾಮಾನ್ಯವಾಗಿ ಬರುವುದು ಸಂಬಂಧ ಮುರಿದ ಮೇಲೆ, ಕೆಲವೊಮ್ಮೆ ಘಟಕವೇ ಮುಚ್ಚಿದ ಮೇಲೆ.

ಬೇರೆ ದಾರಿಗಳ ಮಾತನ್ನು ಬೇಗ ಮುಗಿಸುತ್ತೇನೆ. ಚೆಕ್ ಬೌನ್ಸ್ ಆದರೆ ಮೊಕದ್ದಮೆ ಹೂಡಲು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 138ನೇ ಸೆಕ್ಷನ್ ಇದೆ, ಆದರೆ ದೊಡ್ಡ ಕಂಪನಿ ಚೆಕ್ಕನ್ನೇ ಕೊಡುವುದಿಲ್ಲ. 2018ರ ತಿದ್ದುಪಡಿಯ ನಂತರ ಮೂರು ಲಕ್ಷ ರೂಪಾಯಿಯ ವ್ಯಾಜ್ಯವನ್ನೂ ವಾಣಿಜ್ಯ ನ್ಯಾಯಾಲಯಕ್ಕೆ ಒಯ್ಯಬಹುದು. ಅದಕ್ಕೆ ನ್ಯಾಯಾಲಯ ಶುಲ್ಕ, ವಕೀಲರು, ವರ್ಷಗಳು ಬೇಕು. ದಿವಾಳಿ ಸಂಹಿತೆಯಡಿ ಅರ್ಜಿ ಹಾಕಲು ಬೇಕಾದ ಕನಿಷ್ಠ ಬಾಕಿ ಒಂದು ಲಕ್ಷ ಇದ್ದದ್ದು 2020ರ ಮಾರ್ಚಿನಲ್ಲಿ ಒಂದು ಕೋಟಿಗೆ ಏರಿತು. ನಮ್ಮ ಪಾಲಿಗೆ ಆ ಬಾಗಿಲು ಅಂದೇ ಮುಚ್ಚಿತು. ಬಿಲ್ಲನ್ನು ಬ್ಯಾಂಕುಗಳಿಗೆ ಹರಾಜು ಹಾಕಿ ಮೊದಲೇ ಹಣ ಪಡೆಯುವ ಟ್ರೆಡ್ಸ್ ವೇದಿಕೆ ನಿಜಕ್ಕೂ ಒಳ್ಳೆಯದು. 250 ಕೋಟಿಗೂ ಹೆಚ್ಚು ವಹಿವಾಟಿನ ಕಂಪನಿಗಳು ಅಲ್ಲಿ ನೋಂದಾಯಿಸಿಕೊಳ್ಳುವುದು ಈಗ ಕಡ್ಡಾಯ. ಆದರೆ ನೋಂದಾಯಿಸಿದವರು ನಮ್ಮ ಬಿಲ್ಲನ್ನು ಅಲ್ಲಿ ಒಪ್ಪಿಕೊಳ್ಳುವುದು ಕಡ್ಡಾಯವಲ್ಲ, ಅವರು ಒಪ್ಪದೆ ಹರಾಜು ನಡೆಯುವುದಿಲ್ಲ.

1961ರ ಆದಾಯ ತೆರಿಗೆ ಕಾಯಿದೆಯ 43ಬಿ(ಎಚ್) ಬಗ್ಗೆ ಎರಡು ಮಾತು ಹೇಳಲೇಬೇಕು. 2023ರ ಹಣಕಾಸು ಕಾಯಿದೆ ತಂದ ಈ ನಿಯಮದ ಪ್ರಕಾರ, ಸಣ್ಣ ಘಟಕಕ್ಕೆ ಗಡುವಿನೊಳಗೆ ಕೊಡದೆ, ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡ ಹಣವನ್ನು ಖರೀದಿದಾರರು ಆ ವರ್ಷದ ಖರ್ಚೆಂದು ತೋರಿಸುವಂತಿಲ್ಲ. ಇದು ಬಂದ ಮೊದಲ ಮಾರ್ಚಿನಲ್ಲಿ ಹಳೆಯ ಬಾಕಿಗಳು ಕೆಲವರಿಗೆ ಒಟ್ಟಿಗೇ ಬಂದವು. ಇನ್ನು ಕೆಲವರಿಗೆ, "ನಿಮ್ಮ ಉದ್ಯಮ್ ನೋಂದಣಿ ರದ್ದು ಮಾಡಿಸಿಕೊಂಡು ಬನ್ನಿ, ಆಮೇಲೆ ಆರ್ಡರ್ ನೋಡೋಣ" ಎಂಬ ಮಾತು ಬಂತು. ಘಟಕ ಸಣ್ಣದೆಂದು ಸರ್ಕಾರ ಕೊಡುವ ಆ ನೋಂದಣಿ ಇಲ್ಲದಿದ್ದರೆ ಈ ನಿಯಮ ಅನ್ವಯಿಸುವುದಿಲ್ಲ. ನಿಯಮ ನೋಡುವುದು ಮಾರ್ಚ್ 31ರ ಬಾಕಿಯನ್ನು. ಏಪ್ರಿಲಿನಲ್ಲಿ ಕಳುಹಿಸಿದ ಮಾಲಿನ ಹಣ ಡಿಸೆಂಬರಿನಲ್ಲಿ ಬಂದರೂ ಅದಕ್ಕೆ ಏನೂ ಮಾಡಲಾಗುವುದಿಲ್ಲ. ಆದರೂ ಈ ನಿಯಮ ಒಂದು ವಿಷಯವನ್ನು ತೋರಿಸಿಕೊಟ್ಟಿದೆ: ತೆರಿಗೆಗೆ ತೊಂದರೆಯಾಗುತ್ತದೆ ಎಂದಾಗ ಹಣ ಹೊರಡುತ್ತದೆ, ನಮ್ಮ ದೂರಿನ ಅಗತ್ಯವೂ ಬೀಳುವುದಿಲ್ಲ.

ಗಡುವುಗಳ ಮಾತು ಬಂದಾಗ ನಮ್ಮ ಘಾಟಿಯನ್ನು ಮರೆಯುವಂತಿಲ್ಲ. ಮಂಗಳೂರಿನ ಕಡೆಗೆ ಹೋಗುವ ನಮ್ಮ ಮಾಲಿಗೆ ಶಿರಾಡಿಯೇ ದಾರಿ. 2018ರ ಆಗಸ್ಟಿನ ಮಳೆಯಲ್ಲಿ ರಸ್ತೆಯೂ ರೈಲೂ ನಿಂತವು. 2022ರ ಜುಲೈನಲ್ಲಿ ದೋಣಿಗಾಲ್ ಬಳಿ ಹೆದ್ದಾರಿ ಕುಸಿದು ಭಾರಿ ವಾಹನಗಳು ನಿಂತವು. ಚಾರ್ಮಾಡಿಯಲ್ಲಿ 2019ರ ಕುಸಿತದ ನಂತರ ದೊಡ್ಡ ಲಾರಿಗಳಿಗೆ ನಿರ್ಬಂಧ ಬಂತು. ಲಾರಿ ಸುತ್ತಿ ಬಳಸಿ ತಲುಪುವಷ್ಟರಲ್ಲಿ ಒಪ್ಪಂದದ ದಿನ ಮೀರಿರುತ್ತದೆ, ವಾರಕ್ಕೆ ಇಷ್ಟು ಶೇಕಡಾ ಎಂದು ದಂಡ ಕಡಿತವಾಗುತ್ತದೆ. ಗುಡ್ಡ ಕುಸಿದ ಸುದ್ದಿ ಪತ್ರಿಕೆಯ ಮುಖಪುಟದಲ್ಲಿದ್ದರೂ ಆ ದಂಡಕ್ಕೆ ವಿನಾಯಿತಿ ಸಿಗುವುದಿಲ್ಲ. ನಾವು ಮೂರು ದಿನ ತಡ ಮಾಡಿದರೆ ಹಣ ತಾನಾಗಿ ಕಡಿತವಾಗುತ್ತದೆ. ಅವರು ಮೂರು ತಿಂಗಳು ತಡ ಮಾಡಿದರೆ ಅದನ್ನು ಕೇಳುವುದೇ ಅಪರಾಧವೆಂಬಂತೆ ನಡೆದುಕೊಳ್ಳುತ್ತಾರೆ.

ಹಣ ಬಾರದ ತಿಂಗಳಿನ ಪೆಟ್ಟು ನಮ್ಮಲ್ಲಿಗೇ ನಿಲ್ಲುವುದಿಲ್ಲ. ಪೌಡರ್ ಕೋಟಿಂಗ್ ಮಾಡಿಕೊಡುವವರಿಗೆ, ಲಾರಿಯವರಿಗೆ, ಅರಕಲಗೂಡು, ಹೊಳೆನರಸೀಪುರದಿಂದ ಬೆಳಗಿನ ಬಸ್ಸಿಗೆ ಬರುವ ಐಟಿಐ ಓದಿದ ಹುಡುಗರ ಓವರ್‌ಟೈಮ್‌ಗೆ ಅದು ತಟ್ಟುತ್ತದೆ. ಲೇತ್ ಮೇಲೆ ಕೈ ಪಳಗುವುದಕ್ಕೆ ಒಬ್ಬ ಹುಡುಗನಿಗೆ ವರ್ಷಗಳು ಬೇಕು. ಎರಡು ತಿಂಗಳು ಸಂಬಳ ಹಿಂದುಮುಂದಾದರೆ ಅವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ, ತಿರುಗಿ ಬರುವುದಿಲ್ಲ.

ಸಚಿವರೇ, ನನ್ನ ಮೊದಲ ಕೋರಿಕೆ ಜಿಎಸ್‌ಟಿ ಮಂಡಳಿಗೆ ಸಂಬಂಧಿಸಿದ್ದು. ಪೂರೈಕೆದಾರರಿಗೆ 180 ದಿನದೊಳಗೆ ಹಣ ಕೊಡದಿದ್ದರೆ ಖರೀದಿದಾರರು ತಾವು ಪಡೆದ ತೆರಿಗೆ ಜಮೆಯನ್ನು ಬಡ್ಡಿ ಸಮೇತ ಹಿಂದಿರುಗಿಸಬೇಕು ಎಂದು ಈಗಾಗಲೇ ಕಾನೂನಿದೆ. ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಮತ್ತು ಸಣ್ಣ ತಯಾರಕರ ಬಿಲ್ಲುಗಳಿಗೆ ಆ 180 ದಿನವನ್ನು 45ಕ್ಕೆ ಇಳಿಸಬೇಕು. ಒಂದು ಕಾಯಿದೆ 45 ಎನ್ನುವಾಗ ಇನ್ನೊಂದು ಕಾಯಿದೆ 180ರವರೆಗೆ ಸುಮ್ಮನಿರುವುದಕ್ಕೆ ನ್ಯಾಯವಾದ ಕಾರಣ ನನಗೆ ಕಾಣುವುದಿಲ್ಲ. ಹಣ ಕೊಟ್ಟ ದಿನ ಆ ಜಮೆ ಅವರಿಗೆ ಮರಳಿ ಸಿಗುತ್ತದೆ, ಪ್ರಾಮಾಣಿಕರಿಗೆ ನಷ್ಟವಿಲ್ಲ. ಇದನ್ನು ತೀರ್ಮಾನಿಸುವ ಮಂಡಳಿಯಲ್ಲಿ ಕರ್ನಾಟಕಕ್ಕೂ ಸ್ಥಾನವಿದೆ. ರಾಜ್ಯ ಈ ಪ್ರಸ್ತಾವವನ್ನು ಲಿಖಿತವಾಗಿ ಮಂಡಿಸುವಂತೆ ನೀವು ಮಾಡಬೇಕು.

ಎರಡನೆಯದಕ್ಕೆ ದೆಹಲಿಯವರೆಗೆ ಹೋಗಬೇಕಿಲ್ಲ. ಕೌನ್ಸಿಲ್‌ಗಳು ಎಷ್ಟಿರಬೇಕು, ಯಾವ ಪ್ರದೇಶಕ್ಕಿರಬೇಕು ಎಂದು ನಿರ್ಧರಿಸುವ ಅಧಿಕಾರವನ್ನು ಸಣ್ಣ ಉದ್ಯಮಗಳ ಕಾಯಿದೆಯ 20ನೇ ಸೆಕ್ಷನ್ ರಾಜ್ಯ ಸರ್ಕಾರಕ್ಕೇ ಕೊಟ್ಟಿದೆ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಪ್ರಕರಣಗಳಿಗೆಂದೇ ದಿನ ಗೊತ್ತುಪಡಿಸಿ, 90 ದಿನದ ಗಡುವು ಮೀರಿದ ಪ್ರಕರಣಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಪ್ರಕಟಿಸಿ. ಕೌನ್ಸಿಲ್ ತೀರ್ಪಿನ ಹಣವನ್ನು 1964ರ ಭೂಕಂದಾಯ ಕಾಯಿದೆಯಡಿ ಕಂದಾಯ ಬಾಕಿಯಂತೆ ವಸೂಲು ಮಾಡಲು ದಾರಿ ಮಾಡಿಕೊಡಿ. ಸರ್ಕಾರದ ಇಲಾಖೆಗಳೂ ನಿಗಮಗಳೂ ಈ ಕಾಯಿದೆಯಡಿ ಖರೀದಿದಾರರೇ. ಸಣ್ಣ ಘಟಕಗಳಿಗೆ ಅವು ಉಳಿಸಿಕೊಂಡಿರುವ ಬಾಕಿ ಮೊದಲು ತೀರಲಿ, ಆಗ ಖಾಸಗಿಯವರನ್ನು ಕೇಳುವ ನೈತಿಕ ಬಲ ಸರ್ಕಾರಕ್ಕೆ ಬರುತ್ತದೆ.

ಜಿಲ್ಲಾಧಿಕಾರಿಗಳೇ, ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಗೆ ನೀವು ಅಧ್ಯಕ್ಷರು. ಹೊಸ ಕೈಗಾರಿಕೆಗಳಿಗೆ ಜಮೀನು, ನೀರು, ವಿದ್ಯುತ್ತಿಗೆ ಶಿಫಾರಸು ನಿಮ್ಮ ಮೇಜಿನಿಂದ ಹೋಗುತ್ತದೆ. ಈ ಜಿಲ್ಲೆಯ ಜಮೀನನ್ನೂ ರಿಯಾಯಿತಿಯನ್ನೂ ಪಡೆಯುವ ಪ್ರತಿ ಕಂಪನಿ, ಸ್ಥಳೀಯ ಸಣ್ಣ ಪೂರೈಕೆದಾರರಿಗೆ 45 ದಿನದೊಳಗೆ ಹಣ ಕೊಡುತ್ತೇನೆ ಎಂದು ಮುಚ್ಚಳಿಕೆ ಬರೆದುಕೊಡಲಿ. ಕಂಪನಿಗಳು ಏಪ್ರಿಲ್ ಮತ್ತು ಅಕ್ಟೋಬರ್ ಕೊನೆಗೆ ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಎಂಎಸ್‌ಎಂಇ-1 ನಮೂನೆಯಲ್ಲಿ ಸಣ್ಣ ಘಟಕಗಳ ಬಾಕಿಯನ್ನು ತಿಳಿಸಲೇಬೇಕು. ಅದರ ಪ್ರತಿಯನ್ನು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೂ ಕೊಡುವುದನ್ನು ಷರತ್ತಾಗಿಸಿ. ಆಗ ದೂರು ಕೊಡುವ ಭಾರ ನಮ್ಮ ಮೇಲೆ ಬೀಳುವುದಿಲ್ಲ, ಬಾಕಿ ಯಾರದು ಎಂದು ನೀವೇ ಅವರನ್ನು ಕರೆದು ಕೇಳಬಹುದು. ಕುಸಿತದಿಂದ ಘಾಟಿ ಮುಚ್ಚಿದ ದಿನಗಳಿಗೆ ಜಿಲ್ಲಾಡಳಿತದಿಂದ ಒಂದು ದೃಢೀಕರಣ ಪತ್ರ ಕೊಡುವ ವ್ಯವಸ್ಥೆಯಾದರೆ ದಂಡದ ಕಡಿತವನ್ನು ಪ್ರಶ್ನಿಸಲು ನಮ್ಮ ಕೈಯಲ್ಲಿ ಕಾಗದವೊಂದು ಇರುತ್ತದೆ.

ಈ ಕೋರಿಕೆಗಳಲ್ಲಿ ಯಾವುದನ್ನು ಮಾಡಲು ಸಾಧ್ಯ, ಯಾವುದಕ್ಕೆ ಅಡ್ಡಿಯಿದೆ ಎಂಬ ಉತ್ತರವನ್ನು ಮುಂದಿನ ಏಕಗವಾಕ್ಷಿ ಸಭೆಗೆ ಮುಂಚೆ ಸಾರ್ವಜನಿಕವಾಗಿ ತಿಳಿಸಬೇಕೆಂದು ಕೇಳಿಕೊಳ್ಳುತ್ತೇನೆ. ಆ ಸಭೆಗೆ ಎರಡೂ ಜಿಲ್ಲೆಗಳ ಸಣ್ಣ ತಯಾರಕರನ್ನು ಕರೆದರೆ ನಮ್ಮ ಬಿಲ್ಲು, ಇ-ವೇ ಬಿಲ್ಲು, ರಿಟರ್ನ್‌ಗಳ ಪ್ರತಿಗಳೊಂದಿಗೆ ಬರಲು ನಾವು ಸಿದ್ಧರಿದ್ದೇವೆ.

ಇಂತಿ,
ಹಾಸನದ ಒಬ್ಬ ಸಣ್ಣ ತಯಾರಕ